‘ಸುಡೊ’ ಅಂದವರು ಯಾರು?

ಲಿನಕ್ಸ್ ಯಂತ್ರದ ಕಪ್ಪು ಪರದೆಯ ಮೇಲೆ ನಾವು ದಿನಕ್ಕೆ ಹತ್ತಾರು ಸಲ ಟೈಪ್ ಮಾಡುವ ಒಂದು ಪದ ಧಾರವಾಡದ ಕಿವಿಗೆ ಅಚ್ಚ ಕನ್ನಡವಾಗಿಯೇ ಕೇಳಿಸುತ್ತದೆ: ‘ಸುಡೊ’. ‘ಸೂಪರ್‌ಯೂಸರ್ ಡೂ’ ಎಂಬುದರ ಮೊಟಕು ರೂಪ ಅದು. ಯಂತ್ರದ ಒಡೆಯನ ಅಧಿಕಾರದಲ್ಲಿ ಈ ಕೆಲಸ ಮಾಡು ಎಂದು ಅರ್ಥ. ನಮ್ಮ ಪ್ರಯೋಗಾಲಯಕ್ಕೆ ಕೆಲಸ ಕಲಿಯಲು ಬಂದಿದ್ದ ಎಂಸಿಎ ಹುಡುಗನೊಬ್ಬ ಮೊದಲ ದಿನವೇ ನಕ್ಕಿದ್ದ. “ಅಕ್ಕಾರ, ಮುಂಜಾನಿಂದ ಸಂಜಿತನಾ ಮಷೀನಿಗೆ ಸುಡೋ ಸುಡೋ ಅಂತೀರಲ್ರೀ, ಒಂದಿನ ಖರೇನ ಸುಟ್ಟಬಿಟ್ರ?” ಎಲ್ಲರೂ ನಕ್ಕೆವು. ಕೆಲವೇ ತಿಂಗಳಲ್ಲಿ ಅದು ಖರೇನೇ ಸುಟ್ಟಿತು. ಸುಟ್ಟಿದ್ದಕ್ಕೆ ಬೈಸಿಕೊಂಡವನೂ ಅವನೇ.

ನನ್ನ ಪಿಎಚ್.ಡಿ. ವಿಷಯ ಜನಪದ ಹಾಡು. ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹಾಡುವ ಬೀಸುವ ಪದ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಂಡು ಬರುತ್ತೇನೆ. ಆ ಕನ್ನಡವನ್ನು ಯಂತ್ರ ಕೇಳಿ ಅಕ್ಷರಕ್ಕಿಳಿಸುವಂತೆ ಮಾಡುವುದು ನಮ್ಮ ಗುಂಪಿನ ಆಸೆ. ಮುದ್ರಿಕೆಗಳೆಲ್ಲ ಒಂದು ಸರ್ವರ್‌ನಲ್ಲಿದ್ದವು. ಆ ಸರ್ವರನ್ನು ನಾವು ಏಳೆಂಟು ಜನ ಹಂಚಿಕೊಂಡಿದ್ದೆವು. ಹಂಚಿಕೊಂಡಿದ್ದೆವು ಎನ್ನುವುದಕ್ಕಿಂತ, ಅದರ ಒಂದೇ ಒಂದು ಪಾಸ್‌ವರ್ಡನ್ನು ಹಂಚಿಕೊಂಡಿದ್ದೆವು. ಮಾನಿಟರಿನ ಕೆಳಗೆ ಚೀಟಿ ಅಂಟಿಸಿತ್ತು. ಹೊಸಬರು ಬಂದರೆ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: “ರೂಟ್ ಆಗಿ ಒಳಗ ಹೋಗಿಬಿಡು, ತಲಿಬ್ಯಾನಿ ಇರಂಗಿಲ್ಲ.”

ಅದೇ ಸರ್ವರ್‌ನಲ್ಲಿ ಒಂದು ಬಿಲ್ಡ್ ಏಜೆಂಟ್ ಓಡುತ್ತಿತ್ತು. ಹೆಸರು ದೊಡ್ಡದು, ಕೆಲಸ ಸರಳ. ರಾತ್ರಿ ಎರಡಕ್ಕೆ ಎದ್ದು, ನಾವು ಹಗಲು ಬರೆದ ಪ್ರೋಗ್ರಾಮುಗಳನ್ನು ತಂದುಕೊಂಡು, ನಿನ್ನೆಯ ಕಸ ತೆಗೆದು, ಹೊಸದಾಗಿ ಕಟ್ಟಿ, ಪರೀಕ್ಷೆ ಮಾಡಿ, ಸರಿಯಿದೆಯೋ ಇಲ್ಲವೋ ಎಂದು ಮುಂಜಾನೆ ವರದಿ ಕೊಡುವ ಆಳು ಅದು. ಎಂದೋ ಒಮ್ಮೆ ಅದಕ್ಕೆ ಒಂದು ಫೋಲ್ಡರ್‌ಗೆ ಬರೆಯಲು ಆಗಲಿಲ್ಲ. ‘ಪರ್ಮಿಷನ್ ಡಿನೈಡ್’ ಎಂದು ಬಂತು. ಯಾಕೆ ಎಂದು ನೋಡುವ ಬದಲು ಯಾರೋ ಅದನ್ನೂ ರೂಟ್ ಮಾಡಿದರು. ಅಂದಿನಿಂದ ಆಳಿನ ಸೊಂಟಕ್ಕೆ ಮನೆಯ ಅಷ್ಟೂ ಕೋಣೆಗಳ ಕೀಲಿಕೈ.

ಕಸ ತೆಗೆಯುವ ಸಾಲಿನಲ್ಲಿ ಫೋಲ್ಡರ್‌ನ ವಿಳಾಸ ಎರಡು ತುಂಡಾಗಿತ್ತು. ಮೊದಲ ತುಂಡು ಕೆಲಸದ ಜಾಗ, ಎರಡನೆಯದು ಅದರೊಳಗಿನ ‘ಡೇಟಾ’. ಒಂದು ವಾರ ಯಾರೋ ಆ ಮೊದಲ ತುಂಡಿನ ಹೆಸರನ್ನು ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬದಲಿಸಲು ಮರೆತರು. ಮೊದಲ ತುಂಡು ಖಾಲಿಯಾಯಿತು. ಉಳಿದದ್ದು ಬರೀ ‘ಡೇಟಾ’. ಯಂತ್ರದ ತುತ್ತತುದಿಯಲ್ಲಿದ್ದ, ಎಲ್ಲರ ಮುದ್ರಿಕೆಗಳಿದ್ದ ಫೋಲ್ಡರ್‌ನ ಹೆಸರೂ ಅದೇ. ವಾರಕ್ಕೊಮ್ಮೆ ನಕಲು ತೆಗೆಯುವ ಡಿಸ್ಕನ್ನೂ ಅದರೊಳಗೇ ಜೋಡಿಸಿಟ್ಟಿದ್ದೆವು. ರಾತ್ರಿ ಎರಡಕ್ಕೆ ಆಳು ಎದ್ದಿತು, ಕಸ ತೆಗೆಯಿತು. ಮುಂಜಾನೆ ವರದಿಯಲ್ಲಿ ಎಲ್ಲ ಸರಿಯಿದೆ ಎಂದು ಬರೆದಿತ್ತು.

ಬಹಳಷ್ಟನ್ನು ಫೋನು, ರೆಕಾರ್ಡರುಗಳಿಂದ ಮತ್ತೆ ಹೆಕ್ಕಿದೆವು. ಆದರೆ ಮೆಮೊರಿ ಕಾರ್ಡ್ ಅಳಿಸಿ ಮತ್ತೆ ಬಳಸಿದ್ದೆನಲ್ಲ, ಆ ಒಂಬತ್ತು ತಾಸು ಹೋಯಿತು. ಆಮೇಲೆ ಸಭೆ ಕೂಡಿತು. ಲಾಗ್ ತೆರೆದರು. ಲಾಗ್ ಎಂದರೆ ಯಾರು ಯಾವಾಗ ಏನು ಮಾಡಿದರು ಎಂಬ ಯಂತ್ರದ ದಿನಚರಿ. ಅದರ ತುಂಬ ಒಂದೇ ಹೆಸರು: ರೂಟ್, ರೂಟ್, ರೂಟ್. ಆ ಫೈಲು ತಿದ್ದಿದವರು ಯಾರು? ರೂಟ್. ಏಜೆಂಟನ್ನು ರೂಟ್ ಮಾಡಿದವರು ಯಾರು? ರೂಟ್. ಸಭೆ ಅರೆ ತಾಸು ಸುಮ್ಮನೆ ಕುಳಿತಿತು. ಕೊನೆಗೆ ಎಲ್ಲರ ಕಣ್ಣು ಎಲ್ಲರಿಗಿಂತ ಕಿರಿಯವನ ಮೇಲೆ ಹೋಗಿ ನಿಂತಿತು. “ಈ ವಾರ ಅದರಾಗ ಕೈಯಾಡಿಸಿದಾಂವ ನೀನ ಅಲ್ಲೇನೋ ತಮ್ಮಾ?” ಅವನು ಹೌದೆಂದ. ಅಲ್ಲಿಗೆ ವಿಚಾರಣೆ ಮುಗಿಯಿತು.

ಆ ಸಭೆಯಲ್ಲಿ ನಾನು ಹೇಳದ ಮಾತೊಂದಿದೆ. ಆ ವಾರ ಆ ಫೈಲನ್ನು ನಾನೂ ತೆರೆದಿದ್ದೆ. ನಾನೂ ಏನೋ ಬದಲಿಸಿದ್ದೆ. ಆ ಹೆಸರು ತಿದ್ದಿದ್ದು ಅವನೋ ನಾನೋ, ಇವತ್ತಿಗೂ ನನಗೆ ತಿಳಿಯದು. ತಿಳಿಯುವ ದಾರಿಯನ್ನು ನಾವೇ ಮುಚ್ಚಿದ್ದೆವು.

ಈ ಲೇಖನ ಬರೆಯುತ್ತಿರುವುದು ಆ ಕಾರಣಕ್ಕೆ. ಎಲ್ಲ ಕೆಲಸವನ್ನೂ ರೂಟ್ ಆಗಿ ಮಾಡುವುದು ಅಪಾಯ ಎಂದು ಪ್ರತಿಯೊಂದು ಕೈಪಿಡಿಯೂ ಹೇಳುತ್ತದೆ. ಅದನ್ನು ನಾವು ‘ಹೆಲ್ಮೆಟ್ ಹಾಕಿಕೊಳ್ಳಿ’ ಎಂಬ ಬೋರ್ಡಿನಂತೆ ಓದಿ ಮುಂದೆ ಹೋಗುತ್ತೇವೆ. ನನ್ನ ತಕರಾರು ಬೇರೆ. ಇದು ಅಪಾಯಕಾರಿ ಅಭ್ಯಾಸ ಮಾತ್ರವಲ್ಲ, ಅನ್ಯಾಯದ ಅಭ್ಯಾಸ. ಎಲ್ಲರೂ ಒಡೆಯನ ಹೆಸರಿನಲ್ಲಿ ಕೆಲಸ ಮಾಡುವ ಮನೆಯಲ್ಲಿ ಯಾರ ಕೆಲಸಕ್ಕೂ ಯಾರೂ ಉತ್ತರ ಕೊಡಬೇಕಿಲ್ಲ. ತಪ್ಪು ನಡೆದ ದಿನ ಮಾತ್ರ ಒಬ್ಬ ಸಿಗಲೇಬೇಕು, ಸಿಗುವವನು ಯಾವಾಗಲೂ ಬಾಯಿಲ್ಲದವನು.

ಗಣಕದ ಒಳಗು ತಿಳಿಯದವರಿಗೆ ಎರಡು ಮಾತು. ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ ಫೈಲುಗಳೆಲ್ಲ ಒಂದು ತಲೆಕೆಳಗಾದ ಮರ. ಊರ್ಧ್ವಮೂಲದ ಅಶ್ವತ್ಥದಂತೆ ಬೇರು ಮೇಲೆ, ಕೊಂಬೆ ಕೆಳಗೆ. ಆ ಬೇರಿಗೂ ರೂಟ್ ಎಂದೇ ಹೆಸರು, ಅದರ ಒಡೆಯನಿಗೂ ರೂಟ್ ಎಂದೇ ಹೆಸರು. ಪ್ರತಿ ಬಳಕೆದಾರನಿಗೆ ಒಂದು ಅಂಕಿ ಇರುತ್ತದೆ. ರೂಟ್‌ನ ಅಂಕಿ 0. ನಿಮಗೆ ನನ್ನ ಫೈಲು ಓದುವ ಹಕ್ಕಿದೆಯೇ, ಅಳಿಸುವ ಹಕ್ಕಿದೆಯೇ ಎಂದು ಯಂತ್ರ ಪ್ರತಿ ಸಲವೂ ನೋಡುತ್ತದೆ. ಕೇಳುವವನ ಅಂಕಿ 0 ಆಗಿದ್ದರೆ ಸಾಮಾನ್ಯವಾಗಿ ಆ ತಪಾಸಣೆಯನ್ನೇ ಬಿಟ್ಟುಬಿಡುತ್ತದೆ. ರೂಟ್‌ಗೆ ಹೆಚ್ಚು ಹಕ್ಕುಗಳಿವೆ ಎಂದು ನಾವು ಹೇಳುತ್ತೇವೆ. ಸರಿಯಾಗಿ ಹೇಳಬೇಕೆಂದರೆ ರೂಟ್‌ಗೆ ‘ಬೇಡ’ ಎನ್ನುವವರು ಯಾರೂ ಇಲ್ಲ.

‘ಸುಡೊ’ ಹುಟ್ಟಿದ್ದೇ ಇದನ್ನು ಕಡಿಮೆ ಮಾಡಲು ಎಂಬುದು ವಿಚಿತ್ರ. ಸುಮಾರು 1980ರಲ್ಲಿ ಅಮೆರಿಕದ ಬಫೆಲೊದಲ್ಲಿರುವ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಎಂಬವರು ಅದನ್ನು ಬರೆದರು. ಎಲ್ಲರಿಗೂ ರೂಟ್ ಪಾಸ್‌ವರ್ಡ್ ಹಂಚುವ ಬದಲು, ಇಂಥವನಿಗೆ ಇಂಥ ಆಜ್ಞೆ ಮಾತ್ರ ಎಂದು ಪಟ್ಟಿ ಮಾಡುವುದು, ಯಾರು ಯಾವ ಆಜ್ಞೆ ಕೊಟ್ಟರು ಎಂದು ಅವರವರ ಹೆಸರಿನಲ್ಲೇ ಬರೆದಿಡುವುದು ಅದರಿಂದ ಸಾಧ್ಯ. ಮೊದಲ ಸಲ ಬಳಸುವವರಿಗೆ ಅದು ಮೂರು ಮಾತಿನ ಉಪದೇಶವನ್ನೂ ಮಾಡುತ್ತದೆ: ಇನ್ನೊಬ್ಬರ ಖಾಸಗಿತನ ಗೌರವಿಸು, ಟೈಪ್ ಮಾಡುವ ಮೊದಲು ಯೋಚಿಸು, ದೊಡ್ಡ ಅಧಿಕಾರದ ಜೊತೆ ದೊಡ್ಡ ಹೊಣೆ ಬರುತ್ತದೆ. ನಾವು ಮಾಡಿದ್ದೇನು? ಪಟ್ಟಿಯಲ್ಲಿ ಎಲ್ಲರಿಗೂ ಎಲ್ಲವೂ ಎಂದು ಬರೆದೆವು. ಅದೂ ಬೇಸರವಾದಾಗ ನೇರವಾಗಿ ರೂಟ್ ಆಗಿಯೇ ಒಳಗೆ ಹೋದೆವು. ಬೇಲಿಗೆಂದು ತಂದ ಮುಳ್ಳನ್ನು ಒಲೆಗೆ ಹಾಕಿದ ಹಾಗಾಯಿತು.

1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು ಗಣಕ ವಿಜ್ಞಾನಿಗಳು ಒಂದು ದೀರ್ಘ ಲೇಖನ ಪ್ರಕಟಿಸಿದರು. ಅದರಲ್ಲಿ ಒಂದು ಸೂತ್ರವಿದೆ. ಪ್ರತಿ ಪ್ರೋಗ್ರಾಮಿಗೂ ಪ್ರತಿ ಬಳಕೆದಾರನಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ, ಅದಕ್ಕಿಂತ ಒಂದು ಎಳ್ಳಿನಷ್ಟೂ ಹೆಚ್ಚು ಬೇಡ ಎಂಬುದು ಅದರ ಸಾರ. ಇದಕ್ಕೆ ಪಿಎಚ್.ಡಿ. ಬೇಕಿಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಚಾಲಕನಿಗೆ ಆ ಬಸ್ಸನ್ನು ಕೊಟ್ಟರೆ ಸಾಕು, ಡಿಪೊದ ಕೀಲಿಕೈ ಕೊಡಬೇಕಿಲ್ಲ. ಕೊಡದಿದ್ದರೆ ಅವನ ಮೇಲೆ ಅನುಮಾನ ಎಂದಲ್ಲ. ಡಿಪೊದಲ್ಲಿ ಏನಾದರೂ ಕಳೆದ ದಿನ ಅವನ ಮನೆ ಬಾಗಿಲಿಗೆ ಯಾರೂ ಹೋಗದಿರಲಿ ಎಂದು. ಅಧಿಕಾರ ಕೊಡದಿರುವುದರಲ್ಲಿ ಒಂದು ರಕ್ಷಣೆಯಿದೆ, ಅದು ಸಿಗುವುದು ಕೆಲಸಗಾರನಿಗೆ. ರೂಟ್ ಪಾಸ್‌ವರ್ಡ್ ಕೊಡುವುದನ್ನು ನಂಬಿಕೆಯ ಗುರುತು ಎಂದು ತಿಳಿದ ನಮ್ಮ ಹಿರಿಯರಿಗೆ ಇದು ಇನ್ನೂ ಹೊಳೆದಿಲ್ಲ.

ಇದು ಹೊರಗಿನಿಂದ ಬಂದ ವಿಚಾರ, ನಮ್ಮ ನೆಲಕ್ಕೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಅವರಿಗೆ ನಮ್ಮದೇ ಜಿಲ್ಲೆಯ ಉತಾರದ ಕತೆ ಹೇಳಬೇಕು. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಊರ ಜಮೀನಿನ ಲೆಕ್ಕ ಬರೆಯುತ್ತಿದ್ದವನು ಕುಲಕರ್ಣಿ. ಇಲ್ಲಿ ಕುಲಕರ್ಣಿ ಎಂದರೆ ಮನೆತನದ ಹೆಸರಲ್ಲ, ವಂಶಪಾರಂಪರ್ಯದ ಹುದ್ದೆ. ಲೆಕ್ಕದ ಭಾಷೆ ಬಲ್ಲವನು ಅವನು, ಬರೆಯುವವನೂ ಅವನು. ಬರೆದದ್ದನ್ನು ತಿದ್ದಿದರೆ ತಿದ್ದಿದ್ದು ಯಾವಾಗ, ಯಾಕೆ ಎಂದು ಅಕ್ಷರ ಬಾರದ ರೈತ ಕೇಳುವುದು ಹೇಗೆ? ಆ ಹುದ್ದೆಯಲ್ಲಿ ಪ್ರಾಮಾಣಿಕರಿರಲಿಲ್ಲವೆಂದಲ್ಲ. ಪ್ರಾಮಾಣಿಕನನ್ನೂ ಅಪ್ರಾಮಾಣಿಕನನ್ನೂ ಬೇರೆ ಮಾಡಿ ನೋಡುವ ದಾರಿ ಇರಲಿಲ್ಲ. 1950ರಲ್ಲಿ ಮುಂಬಯಿ ಸರಕಾರ ಕಾನೂನು ಮಾಡಿ ಕುಲಕರ್ಣಿ ವತನವನ್ನು ರದ್ದು ಮಾಡಿತು. ಬರೆಯುವವನು ಸಂಬಳದ ನೌಕರನಾದ. ಆದರೂ ವಹಿ ಕೈಬರಹದ್ದೇ, ತಿದ್ದುವ ಕೈ ಕಾಣದ್ದೇ.

ಅರ್ಧ ಶತಮಾನದ ನಂತರ ಕರ್ನಾಟಕ ಸರಕಾರ ‘ಭೂಮಿ’ ಯೋಜನೆ ತಂದಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದವು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಉತಾರ ಸಿಗತೊಡಗಿತು. ಎಲ್ಲರೂ ಹೊಗಳಿದ್ದು ಆ ಕಿಟಕಿಯನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಿಟಕಿಯ ಒಳಗಿದ್ದ ಒಂದು ಚಿಕ್ಕ ಉಪಕರಣ: ಬೆರಳಚ್ಚು ಓದುವ ಯಂತ್ರ. ದಾಖಲೆ ತಿದ್ದುವ ನೌಕರ ತನ್ನ ಬೆರಳಿಟ್ಟೇ ಒಳಗೆ ಹೋಗಬೇಕು. ಆಮೇಲೆ ‘ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದರು’ ಎನ್ನುವ ಹಾಗಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲೇ ಮುಂದೆ ಹೋಗಬೇಕು. ಭೂಮಿ ಬಂದ ಮೇಲೆ ಲಂಚ ನಿಂತಿತು ಎಂದು ಧಾರವಾಡ ಜಿಲ್ಲೆಯ ಯಾವ ರೈತನೂ ಹೇಳಲಾರ. ಆದರೆ ‘ಮಾಡಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಇರಲೇಬೇಕು ಎಂಬ ತತ್ವವನ್ನು ಇಪ್ಪತ್ತು ವರ್ಷಗಳ ಹಿಂದೆಯೇ ನಮ್ಮ ತಾಲೂಕು ಕಚೇರಿ ಒಪ್ಪಿತ್ತು. ಗಣಕವನ್ನೇ ಓದುವ, ಗಣಕವನ್ನೇ ಕಲಿಸುವ ನಾವು ಇನ್ನೂ ಕುಲಕರ್ಣಿಯ ದಫ್ತರದಲ್ಲೇ ಕುಳಿತಿದ್ದೇವೆ.

ನಮ್ಮ ಒಂಬತ್ತು ತಾಸಿನ ನಷ್ಟ ಚಿಕ್ಕದು. ಅದೇ ಜಾತಿಯ ದೊಡ್ಡ ನಷ್ಟಗಳು ಜಗತ್ತಿನಲ್ಲಿ ನಡೆದಿವೆ. 2011ರಲ್ಲಿ ಲಿನಕ್ಸ್‌ಗಾಗಿ ಬರೆದ ಬಂಬಲ್‌ಬೀ ಎಂಬ ಪ್ರೋಗ್ರಾಮಿನ ಸ್ಥಾಪನಾ ಸ್ಕ್ರಿಪ್ಟಿನಲ್ಲಿ ಒಂದು ಫೋಲ್ಡರ್‌ನ ವಿಳಾಸದ ನಡುವೆ ಒಂದು ಸ್ಪೇಸ್ ತಪ್ಪಿ ನುಸುಳಿತ್ತು. ಒಂದು ವಿಳಾಸ ಎರಡಾಯಿತು. ಸ್ಕ್ರಿಪ್ಟು ರೂಟ್ ಆಗಿ ಓಡುತ್ತಿದ್ದುದರಿಂದ, ಬಳಕೆದಾರರ ಯಂತ್ರದಲ್ಲಿ ಪ್ರೋಗ್ರಾಮುಗಳೆಲ್ಲ ಇರುವ ಮುಖ್ಯ ಫೋಲ್ಡರ್ ಅಳಿಸಿಹೋಯಿತು. 2018ರ ಫೆಬ್ರುವರಿಯಲ್ಲಿ ಎನ್‌ಪಿಎಂ ಎಂಬ ಜನಪ್ರಿಯ ಸಾಧನದ 5.7.0 ಆವೃತ್ತಿ ಬಂತು. ಅದನ್ನು ‘ಸುಡೊ’ ಹಚ್ಚಿ ಓಡಿಸಿದರೆ ವ್ಯವಸ್ಥೆಯ ಫೈಲುಗಳ ಒಡೆತನವೇ ಬದಲಾಗುತ್ತಿತ್ತು. ಬರೆದವರ ತಪ್ಪು ಇದ್ದೇ ಇತ್ತು. ಆದರೆ ‘ಸುಡೊ’ ಇಲ್ಲದೆ ಓಡಿಸಿದ್ದರೆ ಆ ಒಡೆತನ ಮುಟ್ಟಲು ಯಂತ್ರ ಬಿಡುತ್ತಿರಲಿಲ್ಲ. ಸ್ಪೇಸ್ ಒಂದು ತಪ್ಪುವುದು ಮನುಷ್ಯರಿಗೆ ಸಹಜ. ಆ ಒಂದು ಸ್ಪೇಸ್‌ಗೆ ಇಡೀ ಯಂತ್ರ ಬಲಿಯಾಗುವುದು ಸಹಜವಲ್ಲ, ಅದು ನಾವು ಮಾಡಿಕೊಂಡ ಏರ್ಪಾಡು.

ಇದರ ಅತ್ಯಂತ ಸ್ವಾರಸ್ಯದ ಪ್ರಸಂಗವನ್ನು 1988ರಲ್ಲಿ ನಾರ್ಮ್ ಹಾರ್ಡಿ ಎಂಬವರು ಬರೆದಿಟ್ಟರು. ಅವರು ಕೆಲಸ ಮಾಡುತ್ತಿದ್ದ ಟೈಮ್‌ಶೇರ್ ಎಂಬ ಕಂಪನಿಯಲ್ಲಿ ಒಂದು ಕಂಪೈಲರ್ ಇತ್ತು, ಅಂದರೆ ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮು. ಯಾವ ಸೌಲಭ್ಯವನ್ನು ಎಷ್ಟು ಸಲ ಬಳಸಿದರು ಎಂದು ಲೆಕ್ಕ ಬರೆಯಲಿ ಎಂದು ಅದಕ್ಕೆ ವ್ಯವಸ್ಥೆಯ ಫೋಲ್ಡರ್‌ಗೆ ಬರೆಯುವ ವಿಶೇಷ ಅಧಿಕಾರ ಕೊಟ್ಟಿದ್ದರು. ಗಿರಾಕಿಗಳ ಬಿಲ್ಲಿನ ಫೈಲೂ ಅದೇ ಫೋಲ್ಡರ್‌ನಲ್ಲಿತ್ತು. ಬಳಕೆದಾರನೊಬ್ಬ ತನ್ನ ಕೆಲಸದ ಫಲಿತವನ್ನು ಇಂಥ ಹೆಸರಿನ ಫೈಲಿಗೆ ಬರೆ ಎಂದ, ಹೆಸರು ಮಾತ್ರ ಬಿಲ್ಲಿನ ಫೈಲಿನದು. ಅವನಿಗೆ ಆ ಫೈಲು ಮುಟ್ಟುವ ಹಕ್ಕಿರಲಿಲ್ಲ. ಕಂಪೈಲರ್‌ಗೆ ಇತ್ತು. ವಿಧೇಯ ಆಳಿನ ಹಾಗೆ ಅದು ಬರೆದುಬಿಟ್ಟಿತು, ಬಿಲ್ಲುಗಳೆಲ್ಲ ಹೋದವು. ಹಾರ್ಡಿ ಇದನ್ನು ಗೊಂದಲಕ್ಕೆ ಬಿದ್ದ ಅಧಿಕಾರಿಯ ಕತೆ ಎಂದು ಕರೆದರು. ತಾನು ಯಾರ ಪರವಾಗಿ ಯಾರ ಅಧಿಕಾರ ಚಲಾಯಿಸುತ್ತಿದ್ದೇನೆ ಎಂದು ತಿಳಿಯದ ಅಧಿಕಾರಿ. ನಮ್ಮ ರಾತ್ರಿ ಎರಡರ ಆಳು ಅವನ ಮೊಮ್ಮಗ.

ಇವೆಲ್ಲ ಕೈತಪ್ಪಿನ ಕತೆಗಳು. ಇದೇ ಸಡಿಲಿಗೆ ಕಾದು ಕುಳಿತವರೂ ಇದ್ದಾರೆ. ಮನೆಯ ಮುಂಬಾಗಿಲಿಗೆ ಎಷ್ಟೇ ಕೀಲಿ ಹಾಕಿದರೂ ಮನೆ ಕಟ್ಟುವ ಗೌಂಡಿಯೇ ಗೋಡೆಯಲ್ಲಿ ಕಿಂಡಿ ಬಿಟ್ಟರೆ? 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ನಡೆದದ್ದು ಅದು. ಆಕ್ರಮಣಕಾರರು ಕಂಪನಿಯ ಬಿಲ್ಡ್ ವ್ಯವಸ್ಥೆಯೊಳಗೆ ಒಂದು ಪ್ರೋಗ್ರಾಮು ಕೂರಿಸಿದರು. ಕಟ್ಟುವ ಕೆಲಸ ಶುರುವಾದ ಕೂಡಲೇ ಅದು ಒಂದು ಫೈಲನ್ನು ಗುಟ್ಟಾಗಿ ಬದಲಿಸಿ, ಕೆಲಸ ಮುಗಿದ ಮೇಲೆ ಮೊದಲಿನಂತೆಯೇ ಇಡುತ್ತಿತ್ತು. ವಿಷ ಬೆರೆತ ಆ ಆವೃತ್ತಿ ಸುಮಾರು 18,000 ಗಿರಾಕಿಗಳನ್ನು ತಲುಪಿತು. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ಸಾಧನದಲ್ಲಿ ಅಂಥದೇ ಕಿಂಡಿ ಸಿಕ್ಕಿತು. ಪ್ಯಾಕೇಜನ್ನು ಕಟ್ಟುವ ಹೊತ್ತಿಗೆ ಮಾತ್ರ ಎಚ್ಚರಗೊಳ್ಳುವಂತೆ ಅದನ್ನು ಹೂತಿಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಹುಡುಕಿಕೊಂಡು ಹೋಗಿರದಿದ್ದರೆ ಅದು ಜಗತ್ತಿನ ಸರ್ವರುಗಳಿಗೆಲ್ಲ ಹಬ್ಬುತ್ತಿತ್ತು. ರೂಟ್ ಇಲ್ಲದಿದ್ದರೆ ಈ ದಾಳಿಗಳೇ ಆಗುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಕಟ್ಟುವ ಯಂತ್ರವೇ ಈಗ ಕಳ್ಳರ ಮೊದಲ ಗುರಿ ಎಂದು ಹೇಳುತ್ತಿದ್ದೇನೆ. ಆ ಯಂತ್ರದ ಕೈಗೇ ಇಡೀ ಕೀಲಿಗೊಂಚಲು ಕೊಟ್ಟು ಮಲಗುವವರು ನಾವು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಕ್ಯಾಂಟೀನಿನಲ್ಲಿ ಕೇಳುವ ಮಾತು: “ಕೆಲಸ ನಡೀಬೇಕಲ್ರೀ, ಪರ್ಮಿಷನ್ ಕೇಳ್ಕೋತ ಕುಂತ್ರ ಪೇಪರ್ ಯಾವಾಗ ಬರೀಬೇಕು?” ಒಪ್ಪುತ್ತೇನೆ, ನಾನೂ ಬರೆಯಬೇಕಾದವಳೇ. ಆದರೆ ‘ಪರ್ಮಿಷನ್ ಡಿನೈಡ್’ ಎಂಬುದು ಬೈಗುಳವಲ್ಲ, ಸುದ್ದಿ. ಈ ಫೋಲ್ಡರ್ ಇನ್ನೊಬ್ಬರದು, ಅಥವಾ ನಿನ್ನ ಪ್ರೋಗ್ರಾಮು ಹೋಗಬಾರದ ಕಡೆ ಹೋಗುತ್ತಿದೆ ಎಂದು ಯಂತ್ರ ಹೇಳುತ್ತಿದೆ. ಆ ಫೋಲ್ಡರ್‌ನ ಒಡೆತನ ಸರಿಪಡಿಸಲು ಎರಡು ನಿಮಿಷ ಸಾಕು. ಸುದ್ದಿ ಓದದೆ ಸುದ್ದಿ ತಂದವನ ಬಾಯಿ ಮುಚ್ಚಿಸಲು ‘ಸುಡೊ’ ಬೇಕು. ನಮ್ಮ ಏಜೆಂಟ್ ಸಾಮಾನ್ಯ ಖಾತೆಯಲ್ಲಿದ್ದಿದ್ದರೆ ಆ ರಾತ್ರಿ ಇದೇ ಎರಡು ಪದ ಬಂದು ಕೆಲಸ ನಿಲ್ಲುತ್ತಿತ್ತು. ಮುಂಜಾನೆ ನಾವು ಗೊಣಗುತ್ತ ಎದ್ದು ಸರಿಮಾಡುತ್ತಿದ್ದೆವು.

ಎರಡನೆಯದು: “ನಮ್ಮದೇನ್ ಬ್ಯಾಂಕ್ ಏನ್ರೀ, ಕದಿಯಾಕ ಏನೈತಿ?” ನಮ್ಮಲ್ಲಿ ಹಣವಿಲ್ಲ, ನಿಜ. ಜನರ ದನಿಯಿದೆ, ಹೆಸರಿದೆ, ಊರಿದೆ, ಅವರು ನಂಬಿ ಹೇಳಿದ ಮನೆಯ ಮಾತಿದೆ. ಕಾನೂನೂ ಈಗ ನಮ್ಮನ್ನು ಕೇಳುತ್ತಿದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು 180 ದಿನಗಳ ಲಾಗ್ ಉಳಿಸಿಕೊಂಡಿರಬೇಕು, ಸೈಬರ್ ಘಟನೆ ತಿಳಿದ 6 ತಾಸಿನೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿ ಭದ್ರತೆ ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಲಾಗ್ ಇಡುತ್ತೇವೆ, ಸರಿ. ನೂರಾ ಎಂಬತ್ತು ದಿನವೂ ಒಂದೇ ಹೆಸರಿದ್ದರೆ ಅದನ್ನು ಇಟ್ಟು ಏನು ಪ್ರಯೋಜನ? ಹಾಜರಿ ಪುಸ್ತಕದಲ್ಲಿ ಎಲ್ಲರೂ ‘ಹೆಡ್ ಮಾಸ್ತರ’ ಎಂದೇ ಸಹಿ ಮಾಡಿದ ಹಾಗೆ.

ಮೂರನೆಯದು ಗೆಳೆಯರ ವಾದ: ಈಗ ಎಲ್ಲವನ್ನೂ ಕಂಟೇನರ್ ಎಂಬ ಡಬ್ಬಿಯೊಳಗೆ ಓಡಿಸುತ್ತೇವೆ, ಡಬ್ಬಿಯೊಳಗಿನ ರೂಟ್ ಡಬ್ಬಿಗೆ ಮಾತ್ರ ರಾಜ. ಇದು ಅರ್ಧ ಸತ್ಯ. ಬೇರೆ ಏರ್ಪಾಡು ಮಾಡದಿದ್ದರೆ ಡಾಕರ್ ಡಬ್ಬಿಯೊಳಗಿನ 0 ಅಂಕಿ ಹೊರಗಿನ 0 ಅಂಕಿಯೇ. ಹೊರಗಿನ ಫೋಲ್ಡರನ್ನು ಒಳಗೆ ಜೋಡಿಸಿಕೊಟ್ಟರೆ ಅದರ ಮೇಲೂ ಅದು ರಾಜನೇ. ಡಾಕರ್ ನಡೆಸುವ ಗುಂಪಿಗೆ ಒಬ್ಬನನ್ನು ಸೇರಿಸುವುದೆಂದರೆ ಅವನಿಗೆ ಬೇರೆ ಹೆಸರಿನಲ್ಲಿ ರೂಟ್ ಕೊಟ್ಟಂತೆ. ಡಬ್ಬಿ ಒಳ್ಳೆಯದೇ. ಆದರೆ ಡಬ್ಬಿಯ ಒಳಗೂ ಸಾಮಾನ್ಯನಾಗಿ ಇರಲು ಬರುತ್ತದೆ, ಅದನ್ನು ಕಲಿಯಬೇಕು.

ನಾಲ್ಕನೆಯ ಆಕ್ಷೇಪಕ್ಕೆ ತೂಕವಿದೆ. ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ನನ್ನ ಪ್ರಬಂಧ, ಫೋಟೊ, ಬ್ಯಾಂಕಿನ ಗುಟ್ಟು ಎಲ್ಲವೂ ನನ್ನ ಸಾಮಾನ್ಯ ಖಾತೆಯಲ್ಲೇ ಇವೆ. ಕೆಟ್ಟ ಪ್ರೋಗ್ರಾಮು ಅವನ್ನು ಕದಿಯಲು ರೂಟ್ ಆಗಬೇಕಿಲ್ಲ. ರೂಟ್ ಕಾಯುವುದು ಮತ್ತೆ ಹಾಕಿಕೊಳ್ಳಬಹುದಾದ ವ್ಯವಸ್ಥೆಯ ಫೈಲುಗಳನ್ನು, ಮತ್ತೆ ಸಿಗದ ನನ್ನ ಫೈಲುಗಳನ್ನಲ್ಲ. ಹಾಗಾದರೆ ಈ ಗದ್ದಲ ಯಾಕೆ? ವಾದ ಸರಿ, ಅದರಿಂದ ತೆಗೆಯುವ ತೀರ್ಮಾನ ತಪ್ಪು. ರೂಟ್ ಆಗಬಾರದು ಎಂದರಷ್ಟೇ ಸಾಲದು, ಗುರುತಿಲ್ಲದ ಪ್ರೋಗ್ರಾಮು ‘ನಾನು’ ಕೂಡ ಆಗಬಾರದು ಎಂಬುದು ಅದರಿಂದ ಬರಬೇಕಾದ ತೀರ್ಮಾನ. ಅದಕ್ಕೆ ಅದರದೇ ಬೇರೆ ಖಾತೆ ಇರಬೇಕು, ಆ ಖಾತೆಗೆ ಅದರ ಕೆಲಸದ ಜಾಗವಷ್ಟೇ ಕಾಣಬೇಕು.

ಇದು ಈಗ ತುರ್ತಾಗಿದೆ. ಇಷ್ಟು ದಿನ ಏಜೆಂಟ್ ನಾವು ಬರೆದ ಸಾಲುಗಳನ್ನಷ್ಟೇ ಓಡಿಸುತ್ತಿತ್ತು. ಈಗ ಸಾಲುಗಳನ್ನು ತಾನೇ ಬರೆದು ತಾನೇ ಓಡಿಸುವ ಎಐ ಏಜೆಂಟುಗಳು ಬಂದಿವೆ. ಸಪ್ತಾಪುರದ ಬಾಡಿಗೆ ಖೋಲಿಯಲ್ಲಿರುವ ಡಿಗ್ರಿ ವಿದ್ಯಾರ್ಥಿಯೂ ಅದನ್ನು ಬಳಸುತ್ತಾನೆ, ನಾನೂ ಬಳಸುತ್ತೇನೆ. ಪ್ರತಿ ಹೆಜ್ಜೆಗೂ ಅದು ಅನುಮತಿ ಕೇಳುತ್ತದೆ, ಬೇಸರವಾಗಿ ಎಲ್ಲದಕ್ಕೂ ಹೂಂ ಎಂದುಬಿಡುತ್ತೇವೆ. 2025ರ ಜುಲೈನಲ್ಲಿ ರೆಪ್ಲಿಟ್ ಕಂಪನಿಯ ಎಐ ಏಜೆಂಟ್, ಏನನ್ನೂ ಬದಲಿಸಬೇಡ ಎಂದು ಬಳಕೆದಾರ ಹೇಳಿದ್ದರೂ, ಚಾಲ್ತಿಯಲ್ಲಿದ್ದ ಡೇಟಾಬೇಸನ್ನು ಅಳಿಸಿಹಾಕಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ, ಪ್ರಯೋಗದ ಡೇಟಾಬೇಸನ್ನೂ ಚಾಲ್ತಿಯದನ್ನೂ ತಾನಾಗಿಯೇ ಬೇರೆಯಾಗಿಡುವ ಏರ್ಪಾಡು ತರುವುದಾಗಿ ಹೇಳಿದರು. ಬೇಡ ಎಂದು ಬಾಯಲ್ಲಿ ಹೇಳುವುದಕ್ಕೂ ಬಾಗಿಲಿಗೆ ಕೀಲಿ ಹಾಕುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಂಡಿತು.

ಹಾಗಾದರೆ ಏನು ಕೇಳುತ್ತಿದ್ದೇನೆ? ದೊಡ್ಡದೇನಲ್ಲ, ದುಡ್ಡೂ ಬೇಕಿಲ್ಲ. ಮಾನಿಟರಿನ ಕೆಳಗಿನ ಚೀಟಿ ಹರಿದು ಬಿಸಾಡಿ. ಪ್ರತಿಯೊಬ್ಬರಿಗೂ ಅವರ ಹೆಸರಿನ ಖಾತೆ ಕೊಡಿ, ನೇರವಾಗಿ ರೂಟ್ ಆಗಿ ಒಳಹೋಗುವ ಬಾಗಿಲು ಮುಚ್ಚಿ. ‘ಸುಡೊ’ ಬೇಕಾದವರಿಗೆ ಬೇಕಾದ ಆಜ್ಞೆಗೆ ಮಾತ್ರ ಕೊಡಿ. ಬಿಲ್ಡ್ ಏಜೆಂಟ್‌ಗೆ ತನ್ನದೇ ಖಾತೆ, ತನ್ನದೇ ಫೋಲ್ಡರ್ ಇರಲಿ. ಮೂಲ ಮುದ್ರಿಕೆಗಳನ್ನು ಅದು ಓದಲಿ, ಅಳಿಸಲು ಬರದಿರಲಿ. ಪೈಥಾನ್ ಪ್ಯಾಕೇಜುಗಳನ್ನು ‘ಸುಡೊ’ ಹಚ್ಚಿ ಇಡೀ ಯಂತ್ರಕ್ಕೆ ಸುರಿಯದೆ, ಪ್ರತಿ ಯೋಜನೆಗೆ ಬೇರೆ ಪರಿಸರ ಮಾಡಿಕೊಳ್ಳಿ. ನಕಲನ್ನು ಅದೇ ಯಂತ್ರದ ರೂಟ್‌ಗೂ ಕೈ ಎಟುಕದ ಕಡೆ ಇಡಿ. ಪಾಠ ಮಾಡುವವರಲ್ಲಿ ಒಂದು ವಿನಂತಿ: ಮೊದಲ ಸೆಮಿಸ್ಟರಿನ ಪ್ರಯೋಗದಲ್ಲಿ ಎರರ್ ಬಂದಾಗ “ಮುಂದ ಸುಡೊ ಹಚ್ಚು” ಎಂದು ಹೇಳಿಕೊಡಬೇಡಿ. ಆ ಒಂದು ವಾಕ್ಯವನ್ನು ವಿದ್ಯಾರ್ಥಿ ನೌಕರಿಗೆ ಹೋದ ಮೇಲೂ ಮರೆಯುವುದಿಲ್ಲ.

ನಮ್ಮ ಸರ್ವರ್‌ನಲ್ಲಿ ಈಗ ಇದೆಲ್ಲ ಆಗಿದೆ. ಏಜೆಂಟ್‌ನ ಖಾತೆಗೆ ‘ರಾತ್ರಿಪಾಳಿ’ ಎಂದು ಹೆಸರಿಟ್ಟಿದ್ದೇವೆ. ಹೋದ ತಿಂಗಳು ಒಂದು ಮುಂಜಾನೆ ವರದಿಯಲ್ಲಿ ‘ಪರ್ಮಿಷನ್ ಡಿನೈಡ್’ ಎಂದಿತ್ತು. ರಾತ್ರಿಪಾಳಿ ಹೋಗಬಾರದ ಕಡೆ ಹೋಗಲು ನೋಡಿತ್ತು. ತಪ್ಪು ನನ್ನದು, ಲಾಗ್‌ನಲ್ಲಿ ನನ್ನ ಹೆಸರಿತ್ತು. ಹತ್ತು ನಿಮಿಷದಲ್ಲಿ ಸರಿಮಾಡಿದೆ. ತಪ್ಪಿಗೆ ಹೆಸರಿದ್ದರೆ ತಿದ್ದುವುದು ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ.

ಹೋದ ಒಂಬತ್ತು ತಾಸಿನ ಹೆಚ್ಚಿನ ಭಾಗ ನವಲಗುಂದದ ಕಡೆಯ ಒಬ್ಬ ಅಜ್ಜಿಯದು. ಮತ್ತೆ ಹೋದೆ. ಮಷೀನಿನಲ್ಲಿ ಅಳಿಸಿಹೋಯಿತು, ಇನ್ನೊಮ್ಮೆ ಹಾಡಬೇಕು ಎಂದೆ. ಅವರು ಸಿಟ್ಟಾಗಲಿಲ್ಲ. “ಹಾಡತೀನಿ ತಗೋಬೇ. ಆದ್ರ ಅವತ್ತಿಂದು ಅವತ್ತಿಗೆ ಹೋತು, ಇವತ್ತ ಬ್ಯಾರೇನ ಬರತೈತಿ” ಎಂದರು. ಹಾಗೆಯೇ ಆಯಿತು. ತಂಗಿ ತವರಿಗೆ ಬರುವ ಭಾಗ ಮೊದಲ ಸಲ ಉದ್ದವಾಗಿತ್ತು, ಈ ಸಲ ನಾಲ್ಕು ಸಾಲಿಗೆ ಮುಗಿಯಿತು. ಮೊದಲಿನ ಸಾಲುಗಳು ಏನಿದ್ದವು ಎಂದು ಕೇಳಿದೆ. ನೆನಪಿಲ್ಲ ಎಂದರು. ನನಗೂ ನೆನಪಿಲ್ಲ, ಮಷೀನಿದೆಯಲ್ಲ ಎಂದು ನಾನು ಆ ದಿನ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಆ ಹುಡುಗ ಎರಡು ತಿಂಗಳಲ್ಲಿ ನಮ್ಮ ಪ್ರಯೋಗಾಲಯ ಬಿಟ್ಟ. ಈಗ ಹುಬ್ಬಳ್ಳಿಯಲ್ಲಿ ಬೇರೆ ಏನೋ ಕೆಲಸದಲ್ಲಿದ್ದಾನೆ ಎಂದು ಕೇಳಿದ್ದೇನೆ. ಇದು ಪ್ರಕಟವಾದ ಮೇಲೆ ಅವನಿಗೆ ಕಳಿಸುತ್ತೇನೆ. ತಮ್ಮಾ, ಆ ಫೈಲನ್ನು ಆ ವಾರ ನಾನೂ ತೆರೆದಿದ್ದೆ. ಸಭೆಯಲ್ಲಿ ಹೇಳಬೇಕಿತ್ತು.